ಈ ಸಲ ರಜೆಗೆ ಬಂದದ್ದಲ್ಲ

ಮಸ್ಕತ್ತಿನ ಕೆಲಸ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದ ದಿನ ನನ್ನನ್ನು ಕರೆದುಕೊಂಡು ಹೋಗಲು ಹೆಂಡತಿ ಬರಲಿಲ್ಲ. ಬೆಂಗಳೂರಿನಲ್ಲಿ ಹಿಡಿದ ಬಸ್ಸು ನನ್ನನ್ನು ಶ್ರೀರಂಗಪಟ್ಟಣದಲ್ಲಿ ಇಳಿಸಿ ಮೈಸೂರಿನ ಕಡೆ ಹೋಯಿತು. ಎರಡು ಸೂಟ್‌ಕೇಸು, ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ, ಕತ್ತಿಗೆ ನೇತುಹಾಕಿಕೊಂಡ ಪಾಸ್‌ಪೋರ್ಟಿನ ಚೀಲ. ಬಿಸಿಲು ಇಳಿಯುತ್ತಿತ್ತು. ಬೇಕರಿಯೊಂದರ ನೆರಳಿನಲ್ಲಿ ನಿಂತು ಕಾದೆ. ಕೊನೆಗೆ ಬಂದವನು ನನ್ನ ಭಾಮೈದ, ಅವಳ ತಮ್ಮ. ತನ್ನ ಗೂಡ್ಸ್ ಆಟೋದಲ್ಲಿ ಬಂದಿದ್ದ. ಹಿಂದೆ ಅರ್ಧದವರೆಗೆ ಕಬ್ಬಿನ ಸೋಗೆ ತುಂಬಿತ್ತು.

"ಅಕ್ಕ ಬರಕ್ಕಾಗ್ನಿಲ್ಲ ಕಣ್ ಭಾವ. ಆಲ್ ಕರಿಯೋ ಒತ್ತು," ಎಂದ. ಸೂಟ್‌ಕೇಸುಗಳನ್ನು ಸೋಗೆಯ ಮೇಲೆ ಮಲಗಿಸಿದ. "ಮೆತ್ತಗೈತೆ, ಏನೂ ಆಗಕಿಲ್ಲ, ಅತ್ಕೊಳಿ."

ರಜೆಗೆ ಬರುತ್ತಿದ್ದಾಗ ಹೀಗಿರಲಿಲ್ಲ. ಆಗ ಅವಳೂ ಮಗಳೂ ಕಾರು ಮಾಡಿಕೊಂಡು ವಿಮಾನ ನಿಲ್ದಾಣಕ್ಕೇ ಬರುತ್ತಿದ್ದರು. ತಲೆತುಂಬ ಮಲ್ಲಿಗೆ ಮುಡಿದಿರುತ್ತಿದ್ದಳು. ಹಸುಗಳನ್ನು ತಮ್ಮನ ಹೆಂಡತಿಗೆ ಒಪ್ಪಿಸಿ ಬರುತ್ತಿದ್ದಳು. ನಾನಿದ್ದಷ್ಟು ದಿನ ಮನೆಯಲ್ಲಿ ಒಂದು ದಿನ ಕೋಳಿ, ಒಂದು ದಿನ ಮೀನು, ನೆಂಟರ ಮನೆ, ದೇವಸ್ಥಾನ, ಅಂಗಡಿ. ಬೆಳಿಗ್ಗೆ ನಾನು ಏಳುವ ತನಕ ಪಾತ್ರೆಯ ಸದ್ದು ಕೂಡ ಆಗದಂತೆ ನೋಡಿಕೊಳ್ಳುತ್ತಿದ್ದಳು. ಆಟೋದ ಮುಂದಿನ ಸೀಟಿನಲ್ಲಿ ಭಾಮೈದನ ಪಕ್ಕ ಇಕ್ಕಟ್ಟಾಗಿ ಕೂತು ಪಾಂಡವಪುರ ದಾಟುವಾಗ ಮನಸ್ಸಿಗೆ ಸ್ವಲ್ಪ ಪಿಚ್ಚೆನ್ನಿಸಿತು. ಆಮೇಲೆ ನನಗೇ ತಿಳಿಯಿತು. ನೆಂಟನಾದರೆ ಕರೆಯಲು ಬರಬೇಕು. ನಾನು ಈ ಸಲ ನೆಂಟನಾಗಿ ಬಂದಿರಲಿಲ್ಲ.

ಮನೆ ತಲುಪಿದಾಗ ಅವಳು ಕೊಟ್ಟಿಗೆಯಲ್ಲಿದ್ದಳು. ಅಲ್ಲಿಂದಲೇ ಕೂಗಿ ಹೇಳಿದಳು, "ಕೈಕಾಲ್ ತೊಳ್ಕೊಳಿ, ಫ್ಲಾಸ್ಕಲ್ಲಿ ಕಾಪಿ ಐತೆ. ಡೈರಿಗ್ ಆಲಾಕ್ಬುಟ್ ಬತ್ತೀನಿ."

ಮಸ್ಕತ್ತಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದದ್ದು ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಊರಿನಲ್ಲಿ ಆಸ್ಪತ್ರೆ ಎಂದಷ್ಟೇ ಹೇಳುತ್ತಿದ್ದೆ. ಕೇಳಿದವರು ಕಾಂಪೌಂಡರು ಎಂದುಕೊಂಡರೆ ನಾನು ತಿದ್ದುತ್ತಿರಲಿಲ್ಲ. ಮೊದಲ ವರ್ಷಗಳಲ್ಲಿ ಒದ್ದೆ ಹಾಸಿಗೆ ಬಟ್ಟೆಗಳನ್ನು ಒಣಗಿಸಿ ಇಸ್ತ್ರಿ ಮಾಡುವ ಬಿಸಿ ಉರುಳೆಯ ಬಾಯಿಗೆ ಕೊಡುವುದು ನನ್ನ ಕೆಲಸ. ಆಮೇಲೆ ಒಣಗಿ ಬಂದದ್ದನ್ನು ಮಡಿಸಿ ವಾರ್ಡುಗಳಿಗೆ ಕಳಿಸುವುದು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಹಬೆ. ಕೊನೆಕೊನೆಗೆ ಬಲಗೈಯನ್ನು ಭುಜದ ಮೇಲೆ ಎತ್ತಲು ಆಗುತ್ತಿರಲಿಲ್ಲ. ಲಾಂಡ್ರಿಯನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟರು, ನನ್ನ ವಯಸ್ಸಿನವರನ್ನೆಲ್ಲ ಮನೆಗೆ ಕಳಿಸಿದರು. ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಸಿಟ್ಟು ಬರಲೂ ಒಂದಿಷ್ಟು ತ್ರಾಣ ಬೇಕು.

ಅಲ್ಲಿ ನನ್ನನ್ನು 'ಬೆಂಗಳೂರು' ಎಂದು ಕರೆಯುತ್ತಿದ್ದರು. ನನ್ನ ಕೋಣೆಯಲ್ಲಿದ್ದವರು ಇಬ್ಬರು ಮಲಯಾಳಿಗಳು, ಒಬ್ಬ ಬಂಗಾಳಿ. ಮಂಡ್ಯ ಎಂದರೆ ಅವರಿಗೆ ತಿಳಿಯದು, ಕೆ.ಆರ್. ಪೇಟೆ ಎಂದರೆ ಇನ್ನೂ ತಿಳಿಯದು. ಬೆಂಗಳೂರಿನಲ್ಲಿ ನಾನು ಬಸ್ಸು ಬದಲಾಯಿಸಿದ್ದು ಬಿಟ್ಟರೆ ಒಂದು ರಾತ್ರಿಯೂ ಉಳಿದವನಲ್ಲ. ಆದರೂ 'ಓ ಬೆಂಗಳೂರು' ಎಂದು ಯಾರಾದರೂ ಕೂಗಿದರೆ ತಿರುಗಿ ನೋಡುವುದು ಅಭ್ಯಾಸವಾಗಿತ್ತು.

ಇಲ್ಲಿ ಇನ್ನೊಂದು ಥರ. ನಮ್ಮ ಮನೆಯಿರುವುದು ಕ್ಯಾತನಹಳ್ಳಿ ಕಡೆಯ ಒಂದು ಊರಿನಲ್ಲಿ, ಅದು ನನ್ನ ಹೆಂಡತಿಯ ತವರು. ನಾನು ಕೆ.ಆರ್. ಪೇಟೆ ಕಡೆಯ ಕಿಕ್ಕೇರಿಯವನು. ನಾನು ಹೊರದೇಶಕ್ಕೆ ಹೋದಾಗ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಒಬ್ಬಳೇ ಎಲ್ಲಿರುತ್ತಾಳೆ ಎಂದು ಅತ್ತೆ ತಮ್ಮ ಮನೆಯ ಪಕ್ಕದಲ್ಲೇ ಜಾಗ ಕೊಟ್ಟರು. ಒಂದು ರಜೆಯಲ್ಲಿ ಪಾಯ, ಮತ್ತೊಂದು ರಜೆಯಲ್ಲಿ ಗೋಡೆ, ಹೀಗೆ ಮನೆ ಎದ್ದಿತು. ಆದ್ದರಿಂದ ಈ ಊರಿನ ಗಂಡಸರಿಗೆಲ್ಲ ನಾನು 'ಭಾವ', ಮುದುಕಿಯರಿಗೆಲ್ಲ 'ಅಳೀಮಯ್ಯ'. ನಾನಿಲ್ಲದ ಕಡೆ 'ಆ ಮಸ್ಕತ್ತು'. ನನ್ನ ಹೆಸರಿಟ್ಟು ಕರೆಯುವವರು ಒಬ್ಬರೂ ಇಲ್ಲ.

ಮೊದಲ ವಾರಗಳಲ್ಲಿ ನಾನು ಬರೀ ಮಲಗಿದೆ. ಬೆಳಿಗ್ಗೆ ಎದ್ದು ತಿಂಡಿ ತಿಂದು ಮತ್ತೆ ಮಲಗುತ್ತಿದ್ದೆ. ಎಷ್ಟು ಮಲಗಿದರೂ ಮೈ ಹಗುರವಾಗುತ್ತಿರಲಿಲ್ಲ. ಶುಕ್ರವಾರ ಬಂದರೆ ಅಲ್ಲಿಯ ಹಾಗೆ ಇವತ್ತು ರಜ ಎಂದು ನಿಧಾನವಾಗಿ ಏಳುತ್ತಿದ್ದೆ. ಹೊರಗೆ ನೋಡಿದರೆ ಟ್ರಾಕ್ಟರು ಹೋಗುತ್ತಿರುತ್ತಿತ್ತು, ಮಕ್ಕಳು ಇಸ್ಕೂಲಿಗೆ ಓಡುತ್ತಿರುತ್ತಿದ್ದವು. ಒಂದು ದಿನ ಕೈ ಸುಮ್ಮನಿರಲಾರದೆ ಬೀರುವಿನಲ್ಲಿದ್ದ ಬಟ್ಟೆಯನ್ನೆಲ್ಲ ತೆಗೆದು, ಆಸ್ಪತ್ರೆಯ ಲೆಕ್ಕದಲ್ಲಿ ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟೆ. ಹೆಂಡತಿ ಸಂಜೆ ಬೀರುವಿನ ಬಾಗಿಲು ತೆಗೆದು ನೋಡಿದಳು.

"ನನ್ ಲಂಗ ಎಲ್ಲೈತೆ ಅಂತ ಈಗ ನಿಮ್ಮುನ್ನೇ ಕೇಳ್ಬೇಕಾ?" ಎಂದಳು.

ಮಾತು ಕೂಡ ತಡವರಿಸುತ್ತಿತ್ತು. ಅಂಗಡಿಯಲ್ಲಿ ಮೊಸರು ಎನ್ನುವ ಬದಲು ಬಾಯಿಗೆ ಬೇರೇನೋ ಬರುತ್ತಿತ್ತು. ಮುಗಿಯಿತು ಎನ್ನಲು 'ಖಲಾಸ್' ಎನ್ನುತ್ತಿದ್ದೆ. ಫೋನಿನಲ್ಲಿ ಹೆಂಡತಿಯ ಹತ್ತಿರ ದಿನಾ ಕನ್ನಡವನ್ನೇ ಆಡಿದವನು ನಾನು. ಆದರೆ ಅದು ಊಟ ಆಯ್ತಾ, ಮಳೆ ಬಂತಾ, ಮಗಳು ಎಲ್ಲಿ ಎಂಬಷ್ಟು ಕನ್ನಡ. ನಾಲ್ಕು ಜನ ಕಟ್ಟೆಯ ಮೇಲೆ ಕೂತು ಆಡುವ ಮಾತಿನೊಳಗೆ ನುಗ್ಗಲು ಅದು ಸಾಲುತ್ತಿರಲಿಲ್ಲ. ನಾನು ಹೇಳಬೇಕಾದದ್ದನ್ನು ಹುಡುಕಿ ತರುವಷ್ಟರಲ್ಲಿ ಮಾತು ಇನ್ನೆಲ್ಲಿಗೋ ಹೋಗಿರುತ್ತಿತ್ತು.

ಕಿಕ್ಕೇರಿಗೆ ಒಂದು ದಿನ ಹೋಗಿಬಂದೆ. ಅಣ್ಣ ಹೊಲದಿಂದ ಬಂದು, ಕಾಲು ತೊಳೆದು, ಜಗಲಿಯಲ್ಲಿ ನನ್ನ ಎದುರು ಕೂತ. ಅತ್ತಿಗೆ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಿಂದ ಒರೆಸಿ ನನಗೆ ಕೊಟ್ಟಳು. ಅದೇ ಜಗಲಿಯ ನೆಲದ ಮೇಲೆ ನಾನೂ ಅಣ್ಣನೂ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು.

"ಯಾವಾಗ್ಲಾ ವಾಪಸ್?" ಎಂದು ಅಣ್ಣ ಕೇಳಿದ. ಪ್ರತಿ ರಜೆಯಲ್ಲೂ ಅವನು ಕೇಳುವ ಮೊದಲ ಮಾತೇ ಇದು.

"ಇಲ್ಲ ಕಣಣ್ಣ. ಬಂದ್ಬುಟ್ಟೆ."

"ಬಂದ್ಬುಟ್ಟೆ ಅಂದ್ರೆ?"

"ಇನ್ ಓಗಲ್ಲ."

ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಕಾಫಿ ಲೋಟವನ್ನು ನೋಡಿದಳು. ಆಮೇಲೆ ಅಣ್ಣ ಕೆಮ್ಮಿ, "ಒಳ್ಳೇದಾಯ್ತು ಬುಡು, ಎಷ್ಟ್ ದಿನಾಂತ ದುಡೀತೀಯ," ಎಂದ. ಇಷ್ಟು ವರ್ಷ ನಮ್ಮಿಬ್ಬರ ಮಾತು ನಡೆದದ್ದೆಲ್ಲ ನಾನು ಹೋಗುವುದರ ಮೇಲೆಯೇ. ಟಿಕೆಟ್ಟು ಆಯ್ತಾ, ಎಷ್ಟು ಹೊತ್ತಿನ ವಿಮಾನ, ಅಲ್ಲಿ ಈಗ ಸೆಕೆಯಾ. ನಾನು ಎದ್ದಾಗ ಅತ್ತಿಗೆ, "ಇರು, ಉಂಡ್ಕೊಂಡ್ ಓಗೀವಂತೆ," ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮಗಳು ಇರುವುದು ನಾಗಮಂಗಲದಲ್ಲಿ. ಅಳಿಯನ ಕಡೆಯವರು ಬಿಂಡಿಗನವಿಲೆಯವರು, ಅವನು ನಾಗಮಂಗಲದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದಾನೆ. ನಾನು ಬಂದ ಎರಡನೆಯ ತಿಂಗಳು ಒಂದು ಬೆಳಿಗ್ಗೆ ಅಳಿಯನ ಫೋನು ಬಂತು. ಮಗಳಿಗೆ ಹೊಟ್ಟೆನೋವು ತಡೆಯಲಾಗದೆ ಆಸ್ಪತ್ರೆಗೆ ಸೇರಿಸಿದ್ದಾರೆ, ಅಪೆಂಡಿಕ್ಸ್, ಇವತ್ತೇ ಆಪರೇಷನ್ ಎಂದ. ಹೆಂಡತಿ ಚೀಲಕ್ಕೆ ಎರಡು ಸೀರೆ ತುರುಕಿದಳು. ನಾನೂ ಪ್ಯಾಂಟು ಹಾಕಿಕೊಂಡು ಬಂದೆ.

"ನೀವೆಲ್ಲಿಗೆ?" ಎಂದಳು.

"ನಾನೂ ಬತ್ತೀನಿ. ನನ್ ಮಗ್ಳಲ್ವಾ?"

"ಇಬ್ರೂ ಓದ್ರೆ ಅಸೀನ್ ಯಾರ್ ನೋಡ್ತಾರೆ? ನೀವ್ ಇರಿ. ಆಲ್ ಕರ್ಯಕ್ಕೆ ತಮ್ಮನ್ ಎಂಡ್ರಿಗ್ ಯೋಳ್ತೀನಿ."

"ಅವ್ಳಿಗ್ ಅವ್ಳ್ದೇ ಸಾಕಷ್ಟೈತೆ. ನಂಗ್ ಕರ್ಯಕ್ ಬರಲ್ವಾ? ಕಿಕ್ಕೇರೀಲಿ ಚಿಕ್ಕೋನಿದ್ದಾಗ್ಲಿಂದ ಕರ್ದಿವ್ನಿ."

ಅವಳು ನನ್ನನ್ನು ಒಂದು ಸಲ ನೋಡಿದಳು. ವಾದ ಮಾಡಲು ಹೊತ್ತಿರಲಿಲ್ಲ. ಭಾಮೈದನ ಆಟೋ ಹತ್ತಿ ಹೋದಳು.

ನಾನು ಬಾಗಿಲಲ್ಲೇ ಕೂತೆ. ಮಗಳಿಗೆ ಟೈಫಾಯಿಡ್ ಬಂದಾಗ ನಾನು ಇಲ್ಲಿರಲಿಲ್ಲ. ಕಾಲು ಮುರಿದುಕೊಂಡಾಗ ಇರಲಿಲ್ಲ. ಅವಳ ಮೊದಲ ಬಸಿರು ನಿಲ್ಲದೆ ಹೋದಾಗ ಫೋನಿನ ಆ ತುದಿಯಲ್ಲಿ ಅವಳು ಅಳುವುದನ್ನು ಕೇಳಿಕೊಂಡು ಲಾಂಡ್ರಿಯ ಹಿಂಬದಿಯಲ್ಲಿ ನಿಂತಿದ್ದೆ. ಈಗ ಬಸ್ಸು ಹಿಡಿದರೆ ಮುಟ್ಟಬಹುದಾದಷ್ಟು ಹತ್ತಿರದಲ್ಲಿದ್ದೂ ಫೋನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಮಧ್ಯಾಹ್ನ ಅಳಿಯ ಫೋನು ಮಾಡಿ, ಆಪರೇಷನ್ ಆಯಿತು, ಚೆನ್ನಾಗಿದ್ದಾಳೆ ಎಂದ. ಆಮೇಲೆ ಅನ್ನಕ್ಕೆ ಮೊಸರು ಕಲಸಿ ನಾಲ್ಕು ತುತ್ತು ತಿಂದೆ.

ನಮ್ಮ ಕೊಟ್ಟಿಗೆಯಲ್ಲಿ ಆಗ ಎರಡು ಸೀಮೆಹಸುಗಳಿದ್ದವು. ಒಂದು ಗಬ್ಬ, ಹಾಲು ಬತ್ತಿತ್ತು. ಇನ್ನೊಂದು ಕಪ್ಪು ಬಿಳಿ ಮಚ್ಚೆಯ ದೊಡ್ಡ ಹಸು, ಕೆಚ್ಚಲು ತುಂಬ ಹಾಲು. ಸಂಜೆ ನಾನು ಬಕೆಟ್ಟು ಹಿಡಿದು ಹೋದಾಗ ಅದು ತಲೆ ತಿರುಗಿಸಿ ಬಾಗಿಲ ಕಡೆ ನೋಡಿತು. ನನ್ನನ್ನಲ್ಲ, ನನ್ನ ಹಿಂದೆ ಯಾರಾದರೂ ಬರುತ್ತಾರೆಯೇ ಎಂದು. ಬೂಸಾ ಕಲಸಿ ಮೇವು ಹಾಕುವ ಗೊಂತಿನಲ್ಲಿ ಇಟ್ಟೆ. ಕೆಚ್ಚಲು ತೊಳೆದೆ. ಬೆರಳಿಗೆ ಎಣ್ಣೆ ಸವರಿಕೊಂಡು ಕುಕ್ಕರುಗಾಲಲ್ಲಿ ಕೂತು ಮೊಲೆ ಹಿಡಿದೆ. ಒಂದು ಹನಿ ಬರಲಿಲ್ಲ. ನೀವಿದೆ, ತಟ್ಟಿದೆ, ಬಾಯಲ್ಲಿ ಚ್ಚು ಚ್ಚು ಎಂದೆ. ಹಸು ಬೂಸಾ ತಿನ್ನುವುದನ್ನೂ ನಿಲ್ಲಿಸಿ ಬಿಗಿದುಕೊಂಡು ನಿಂತಿತು. ಮತ್ತೆ ಹಿಡಿದಾಗ ಹಿಂಗಾಲು ಬೀಸಿತು. ಬಕೆಟ್ಟು ಗೋಡೆಗೆ ಹೋಗಿ ಬಡಿಯಿತು. ನಾನು ಗಂಜಲದ ಮೇಲೆ ಅಂಗಾತ ಬಿದ್ದೆ.

ಎದ್ದು ಬಟ್ಟೆ ಕೊಡವಿಕೊಂಡು ನಿಂತೆ. ಡೈರಿಯ ಹೊತ್ತು ಮೀರುತ್ತಿತ್ತು. ಪಕ್ಕದ ಮನೆಗೆ ಹೋಗಿ ಭಾಮೈದನ ಹೆಂಡತಿಯನ್ನು ಕರೆಯಬಹುದಿತ್ತು. ಬೆಳಿಗ್ಗೆ ಆಡಿದ ಮಾತು ನೆನಪಾಗಿ ಹೋಗಲಿಲ್ಲ. ಹೆಂಡತಿಗೆ ಫೋನು ಮಾಡಿದೆ.

"ಒದೀತಾ?" ಎಂದು ಅವಳೇ ಮೊದಲು ಕೇಳಿದಳು.

"ಊಂ."

"ಪೆಟ್ಟಾಯ್ತಾ?"

"ಇಲ್ಲ. ಒಂದ್ ತೊಟ್ಟೂ ಬುಡ್ತಿಲ್ಲ."

"ಕೊಟ್ಗೆ ಗೂಟ್ದಲ್ಲಿ ನನ್ ಅಳೇ ನೈಟಿ ನೇತಾಕಿವ್ನಿ ನೋಡಿ. ಅದ್ನ ಆಕ್ಕೊಳಿ."

"ಏನು?"

"ಆಕ್ಕೊಳಿ ಅಂದೆ. ನಿಮ್ ವಾಸ್ನೆ ಅದ್ಕೆ ಒಸಬ್ರ ವಾಸ್ನೆ. ಯಾರ್ ನೋಡ್ತಾರೆ ಅಲ್ಲಿ?"

ಸಗಣಿಯ ಕಲೆಯ, ಹೂವಿನ ಚಿತ್ರದ ನೈಟಿ ಅದು. ಷರ್ಟಿನ ಮೇಲೆಯೇ ತಲೆಯಿಂದ ಇಳಿಬಿಟ್ಟುಕೊಂಡೆ. ಭುಜ ಎತ್ತಲಾಗದೆ ಬಲಗೈ ತೂರಿಸುವುದು ಕಷ್ಟವಾಯಿತು. ಹಸು ಮೂಗು ಚಾಚಿ ತೋಳನ್ನು ಮೂಸಿತು. ಸ್ವಲ್ಪ ಸಡಿಲವಾಯಿತು, ಆದರೂ ಹಾಲು ಬಿಡಲಿಲ್ಲ. ಮತ್ತೆ ಫೋನು ಕಿವಿಗಿಟ್ಟುಕೊಂಡು ಹೇಳಿದೆ.

"ಸ್ಪೀಕರ್‌ಗಾಕಿ," ಎಂದಳು. "ಗೊಂತಿನ್ ಮೇಲೆ, ಅದ್ರ್ ಕಿವಿ ಅತ್ರ ಇಡಿ. ಈಗ್ ಕುತ್ಕೊಳಿ."

ಕೂತೆ. ಆಸ್ಪತ್ರೆಯ ವರಾಂಡದ ಗದ್ದಲದ ನಡುವೆ ಅವಳ ದನಿ ಕೇಳಿಸಿತು. ನನ್ನ ಹತ್ತಿರ ಮಾತಾಡುವ ದನಿಯಲ್ಲ ಅದು.

"ಏನ್ ಮಗ... ಯಾಕವ್ವ ಇಂಗ್ ಮಾಡ್ತೀಯ? ನಾನ್ ಇಲ್ಲಿವ್ನಿ ಕಣ್ ಮಗ. ನಿಮ್ಮಕ್ಕಂಗೆ ಉಸಾರಿಲ್ಲ, ಅದ್ಕೇ ಬಂದಿವ್ನಿ. ನೀ ತಿಂದಾ? ತಿನ್ನು, ತಿನ್ನು. ಅವ್ರು ನಮ್ಮೋರೇ ಕಣವ್ವ. ಬ್ಯಾರೇರಲ್ಲ. ಎಲ್ಲೆಲ್ಲೋ ದುಡ್ದು ಸುಸ್ತಾಗ್ ಬಂದವ್ರೆ. ಭುಜ ನೋವು ಅವ್ರಿಗೆ, ಬಾಯ್ಬುಟ್ ಯೋಳಲ್ಲ. ಒದೀಬ್ಯಾಡ ನನ್ ಚಿನ್ನ. ಒಸಿ ನಿಂತ್ಕೊ. ನಿಂತ್ಕೊ ಮಗ."

ಹಸುವಿನ ಎರಡು ಕಿವಿಯೂ ಫೋನಿನ ಕಡೆ ತಿರುಗಿದ್ದವು. ಅವಳು ಇನ್ನೂ ಏನೇನೋ ಹೇಳುತ್ತಿದ್ದಳು. ಮಗಳಿಗೆ ಹೊಲಿಗೆ ಹಾಕಿದ್ದಾರೆ, ಇಲ್ಲಿ ಸೊಳ್ಳೆ, ಬೀಗಿತ್ತಿ ಮುದ್ದೆ ಕಟ್ಟಿಕೊಂಡು ಬಂದಿದ್ದರು. ದಿನವೆಲ್ಲ ನಡೆದದ್ದನ್ನು ಸಂಜೆಯ ಹೊತ್ತು ಒಬ್ಬರಿಗೆ ಒಪ್ಪಿಸಿ ಹಗುರಾಗುವ ಹಾಗೆ ಹೇಳುತ್ತಿದ್ದಳು. ನನ್ನ ಬೆರಳುಗಳ ನಡುವೆ ಮೊಲೆ ಮೆತ್ತಗಾಯಿತು. ಹಿಂಡಿದೆ. ಬಕೆಟ್ಟಿನ ತಳಕ್ಕೆ ಸರ್ರೆಂದು ಹಾಲು ಬಿತ್ತು.

"ಬಂತಾ?" ಎಂದಳು.

"ಬಂತು," ಎಂದೆ.

ಭುಜದ ನೋವಿನ ವಿಷಯ ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಹಾಲು ಕರೆದು ಮುಗಿಯುವ ತನಕ ಫೋನು ಇಡಲಿಲ್ಲ ಅವಳು. ನಡುನಡುವೆ ಯಾರೋ ದಾರಿ ಬಿಡಿ ಎನ್ನುವುದು, ಸ್ಟೀಲಿನ ಲೋಟ ಬಿದ್ದದ್ದು, ಎಲ್ಲ ಕೇಳುತ್ತಿತ್ತು. ನಾನು ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿಕೊಂಡು ಹಿಂಡುತ್ತಲೇ ಇದ್ದೆ.

ಕ್ಯಾನು ಎತ್ತಿಕೊಂಡು ಡೈರಿಗೆ ಬಿರಬಿರನೆ ನಡೆದೆ. ಬಾಗಿಲು ಹಾಕುತ್ತಿದ್ದವರು ನನ್ನನ್ನು ನೋಡಿ ನಿಂತರು. ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಆಗ ನೋಡಿಕೊಂಡೆ. ನೈಟಿ ಮೈಮೇಲೇ ಇತ್ತು.

"ಯಾಕ್ ನಗ್ತೀರ್ಲೇ," ಎಂದು ಒಬ್ಬ ಮುದುಕಿ ಗದರಿದಳು. "ನಮ್ ಯಜಮಾನ್ರೂ ಉಟ್ಕೋತಿದ್ರು ನನ್ ಸೀರೆಯ. ಮಗ್ಳೆಂಗವ್ಳೆ ಅಳೀಮಯ್ಯ?"

"ಚೆನ್ನಾಗವ್ಳೆ," ಎಂದೆ. ಮಗಳ ಬಗ್ಗೆ ಈ ಊರಿನವರು ಒಬ್ಬರು ನನ್ನನ್ನು ಕೇಳಿದ್ದು ಅದೇ ಮೊದಲು. ಯಾವಾಗಲೂ ನಾನೇ ಫೋನಿನಲ್ಲಿ ಕೇಳಿ ತಿಳಿದುಕೊಳ್ಳುವವನಾಗಿದ್ದೆ.

ಅಲ್ಲಿಂದ ಮುಂದೆ ಬೆಳಿಗ್ಗೆ ಸಂಜೆ ಇದೇ ನಡೆಯಿತು. ನೈಟಿ ಹಾಕಿಕೊಳ್ಳುವುದು, ಫೋನು ಮಾಡುವುದು, ಗೊಂತಿನ ಮೇಲೆ ಇಡುವುದು. ಹಸುವಿಗೆ ಹೇಳುವ ಮಾತಿನಿಂದಲೇ ನನಗೂ ಸಮಾಚಾರ ತಿಳಿಯುತ್ತಿತ್ತು. ಮೈಕೈ ನೋವು ಬಹಳವಾಗಿತ್ತು. ನಾಲೆ ಏರಿಯ ಮೇಲೆ ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ನೀರು ಕುಡಿಸುವುದು. ಇದನ್ನೆಲ್ಲ ಅವಳೊಬ್ಬಳೇ ಎಷ್ಟು ವರ್ಷ ಮಾಡಿದ್ದಳು! ನಾನು ಕಳಿಸಿದ ದುಡ್ಡಿನಿಂದ ಮನೆ ನಡೆಯುತ್ತದೆ ಎಂದುಕೊಂಡಿದ್ದೆ, ಹೇಗೆ ನಡೆಯುತ್ತದೆ ಎಂದು ನೋಡಿರಲಿಲ್ಲ. ರಜೆಗೆ ಬಂದವನಿಗೆ ಕೊಟ್ಟಿಗೆಯನ್ನು ಯಾರು ತೋರಿಸುತ್ತಾರೆ.

ವಾರ ಕಳೆದ ಮೇಲೆ ಹೆಂಡತಿ ಮಗಳನ್ನು ಸುಧಾರಿಸಿಕೊಳ್ಳಲೆಂದು ನಮ್ಮ ಮನೆಗೇ ಕರೆತಂದಳು. ಮಗಳು ಇಳಿದುಹೋಗಿದ್ದಳು. ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಡೆದುಬಂದು ನನ್ನ ಕೈ ಹಿಡಿದಳು. ಅವಳನ್ನು ಮಂಚದ ಮೇಲೆ ಮಲಗಿಸಿ ಹೆಂಡತಿ ಕೊಟ್ಟಿಗೆಗೆ ಹೋದಳು. ಹಸು ಅಂಬಾ ಎಂದದ್ದು ಒಳಗಿನವರೆಗೂ ಕೇಳಿಸಿತು. ನಾನು ನಗುತ್ತಾ ಹಿಂದೆಯೇ ಹೋದೆ. ಮೆಚ್ಚುಗೆಯ ಮಾತೊಂದು ಬರುತ್ತದೆ ಎಂದುಕೊಂಡಿದ್ದೆ.

ಅವಳು ಕೆಚ್ಚಲ ಕೆಳಗೆ ಕೈಯಿಟ್ಟು ಕೂತಿದ್ದಳು. "ಇಂದ್ಗಡೇದು ಗಟ್ಟಿಯಾಗೈತೆ," ಎಂದಳು. ಒಂದು ಮೊಲೆ ಹಿಂಡಿ ಅಂಗೈಗೆ ಹಾಲು ಬಿಟ್ಟುಕೊಂಡು ತೋರಿಸಿದಳು. ಹಾಲಿನಲ್ಲಿ ಮೊಸರಿನ ಗಂಟಿನಂಥ ಸಣ್ಣ ಗರಣೆಗಳಿದ್ದವು. "ಕೆಚ್ಚಲ್ ಬಾವು. ಕೊನೇ ಆಲ್ನ ಪೂರ್ತಿ ಇಂಡೇ ಇಲ್ಲ ನೀವು."

"ಇಂಡಿದ್ನಲ್ಲ."

"ಇಂಡಿದ್ರೆ ಇಂಗಾಯ್ತಿತ್ತಾ? ಕೈ ನೋವು ಅಂತ ಬುಟ್ಟಿದ್ದೀರ. ಬರಲ್ಲ ಅಂತ ಒಂದ್ ಮಾತ್ ಯೋಳಿದ್ರೆ ತಮ್ಮನ್ ಎಂಡ್ರು ಮಾಡ್ತಿದ್ಲಲ್ಲ!"

"ವಾರ ಪೂರ್ತಿ ಕತ್ತೆ ಥರ ಗೇಯ್ದಿವ್ನಿ. ಒಂದ್ ಒಳ್ಳೇ ಮಾತಿಲ್ಲ ನಿನ್ ಬಾಯಲ್ಲಿ."

"ನಾನ್ ಅಷ್ಟೊರ್ಸ ಗೇಯ್ದಾಗ ಯಾರ್ ಆಡುದ್ರು ಒಳ್ಳೇ ಮಾತ?"

"ನಾನೇನ್ ಅಲ್ಲಿ ಕುಂತ್ಕೊಂಡ್ ತಿಂತಿದ್ನಾ?"

"ಅಂಗಂದ್ನಾ ನಾನು? ಬಂದಾಗ್ಲಿಂದ ನೋಡ್ತಿವ್ನಿ. ಬೀರು ಕೆದ್ಕೋದು, ಅಡ್ಗೆಮನೆ ಡಬ್ಬ ಜರುಗ್ಸೋದು. ನೀವಿಲ್ದಾಗ್ಲೇ ನೆಮ್ದಿಯಾಗಿತ್ತು!"

"ಅಂಗಾದ್ರೆ ವಾಪಸ್ ಓಯ್ತೀನಿ!"

ಕೂಗಿಬಿಟ್ಟಿದ್ದೆ. ಹಸು ಬೆದರಿ ಹಗ್ಗ ಜಗ್ಗಿತು. ಒಳಗಿನಿಂದ ಮಗಳು ನಗುವ ಸದ್ದು ಬಂತು, ನಗುತ್ತಲೇ ನೋವಾಗಿ ಅಮ್ಮಾ ಎಂದಳು. ಇಬ್ಬರೂ ಓಡಿದೆವು. ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು.

"ನೀವಿಬ್ರೂ ಜಗಳ ಆಡಿದ್ದು ನಾನು ಒಂದ್ಸಲಾನೂ ನೋಡಿಲ್ಲ ಕಣಪ್ಪ," ಎಂದಳು. "ಬೇರೆಯೋರ ಮನೇಲಿ ಅಪ್ಪ ಅಮ್ಮ ಕೂಗಾಡ್ತಾರೆ ಅಂತ ನನ್ ಫ್ರೆಂಡ್ಸ್ ಹೇಳ್ತಿದ್ರೆ ನಂಗೆ ಹೊಟ್ಟೆಯುರಿ ಆಗೋದು."

ಅವಳು ಹೇಳಿದ್ದು ನಿಜ. ರಜೆಯಲ್ಲಿ ಜಗಳಕ್ಕೆ ಪುರುಸೊತ್ತು ಇರುತ್ತಿರಲಿಲ್ಲ. ಒಂದು ಮಾತು ಹೆಚ್ಚು ಕಡಿಮೆಯಾದರೂ, ಹೋಗುವವರ ಮೇಲೆ ಯಾಕೆ ಎಂದು ಅವಳು ನುಂಗುತ್ತಿದ್ದಳು, ಹೋಗುವವನು ನಾನು ಎಂದು ನಾನೂ ನುಂಗುತ್ತಿದ್ದೆ. ಫೋನಿನಲ್ಲಂತೂ ಸುಮ್ಮನಿರಲಿಕ್ಕೂ ಆಗುತ್ತಿರಲಿಲ್ಲ. ಒಂದು ಗಳಿಗೆ ಮಾತು ನಿಂತರೆ ಲೈನು ಹೋಯಿತೇನೋ ಎಂದು ಇಬ್ಬರೂ ಹಲೋ ಹಲೋ ಎನ್ನುತ್ತಿದ್ದೆವು.

ಈಗ ಮಾತು ಬಿಟ್ಟೆವು. ಆ ಸಂಜೆ ಮಾತಿಲ್ಲ, ಮಾರನೆಯ ದಿನವೂ ಇಲ್ಲ. ತಟ್ಟೆಗೆ ಮುದ್ದೆ ಬೀಳುತ್ತಿತ್ತು, ಸಾರು ಬೀಳುತ್ತಿತ್ತು, ಸಾಕಾ ಎಂದು ಕೇಳುತ್ತಿರಲಿಲ್ಲ. "ಅಪ್ಪಂಗೆ ಸ್ನಾನಕ್ಕೆ ನೀರ್ ಕಾದೈತೆ ಅಂತ ಯೋಳು," ಎಂದು ನಾನು ಎದುರಿಗೆ ಇರುವಾಗಲೇ ಮಗಳಿಗೆ ಹೇಳುತ್ತಿದ್ದಳು. ನನಗೆ ಬೇಸರವಿತ್ತು. ಹಾಗೆಂದು ಹೋಗಿಬಿಡಬೇಕು ಎನ್ನಿಸಲಿಲ್ಲ. ಎಷ್ಟು ದಿನ ಬೇಕಾದರೂ ಮುನಿಸಿಕೊಂಡಿರಬಹುದು, ವಿಮಾನ ತಪ್ಪುವುದಿಲ್ಲ ಎಂಬ ಯೋಚನೆ ಬಂದು, ಜಗಲಿಯ ಮೇಲೆ ಕೂತಿದ್ದವನು ಹಾಗೆಯೇ ಒರಗಿಕೊಂಡು ನಿದ್ದೆ ಹೋದೆ.

ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಮೊಲೆಯ ತೂತಿನೊಳಗೆ ಔಷಧಿಯ ಟ್ಯೂಬು ಬಿಡಬೇಕು ಎಂದರು. ಹಸು ನಿಲ್ಲಲೊಲ್ಲದು. ಹೆಂಡತಿ ಕುತ್ತಿಗೆ ಅಪ್ಪಿಕೊಂಡು ನಿಂತಳು. ನಾನು ಬಾಲ ಹಿಡಿದು ಪಕ್ಕೆಗೆ ಒತ್ತಿ ನಿಂತೆ. ಡಾಕ್ಟರು ಔಷಧಿ ಬಿಡುವಾಗ ಅದು ಒಮ್ಮೆ ನನ್ನ ಮೇಲೆ ವಾಲಿತು.

"ಬಲಗೈ ಬ್ಯಾಡ, ಎಡಗೈಲಿ ಇಡ್ಕೊಳಿ," ಎಂದಳು ಅವಳು, ಹಸುವಿನ ಕತ್ತಿನ ಆಚೆಯಿಂದ.

ಮೂರನೆಯ ದಿನಕ್ಕೆ ಅದೇ ಮೊದಲ ಮಾತು. ಡಾಕ್ಟರು ಹೋದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು, ನನ್ನ ಕೈಯನ್ನು ಹಿಡಿದು ಕೆಚ್ಚಲಿಗೆ ಮುಟ್ಟಿಸಿದಳು. ಪೂರ್ತಿ ಕರೆದ ಮೇಲೆ ಅದು ಹೇಗೆ ಜೋತುಬಿದ್ದ ಚೀಲದ ಹಾಗೆ ಮೆತ್ತಗಿರಬೇಕು, ಉಳಿದಿದ್ದರೆ ಎಲ್ಲಿ ಗಟ್ಟಿ ಸಿಗುತ್ತದೆ ಎಂದು ತೋರಿಸಿದಳು. ವಾಪಸ್ ಹೋಗುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಕ್ಷಮಿಸು ಗಿಮಿಸು ಎನ್ನುವ ರೂಢಿ ನಮ್ಮಲ್ಲಿಲ್ಲ. ಹಸು ವಾಸಿಯಾಯಿತು, ಆ ಮೊಲೆಯಲ್ಲಿ ಮಾತ್ರ ಮೊದಲಿನಷ್ಟು ಹಾಲಿಲ್ಲ. ಬೆಳಗಿನ ಹಾಲು ಅವಳು ಕರೆಯುತ್ತಾಳೆ, ಸಂಜೆಯದು ನಾನು. ನಾನು ಎದ್ದ ಮೇಲೆ ಅವಳು ಬಂದು ಒಂದು ಸಲ ಕೆಚ್ಚಲು ಮುಟ್ಟಿ ನೋಡಿಯೇ ಹೋಗುತ್ತಾಳೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ.

ಮಗಳು ಸುಧಾರಿಸಿಕೊಂಡಳು. ಅವಳನ್ನು ಕಳಿಸಲು ಇಬ್ಬರೂ ಪಾಂಡವಪುರದ ಬಸ್ ನಿಲ್ದಾಣಕ್ಕೆ ಹೋದೆವು. ನಾಗಮಂಗಲದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಹಿಡಿದು ಕೂರಿಸಿದೆ, ಚೀಲವನ್ನು ಕಾಲ ಬುಡದಲ್ಲಿ ಇಟ್ಟೆ, ಇಳಿದು ಬಂದು ಕಿಟಕಿಯ ಕೆಳಗೆ ನಿಂತೆ. ಬಸ್ಸು ಬೇಗ ಹೊರಡಲಿಲ್ಲ. ನೀರು ತಂದುಕೊಡಲಾ ಎಂದೆ, ಬೇಡ ಎಂದಳು. ಕಡಲೆಕಾಯಿ ಎಂದೆ, ಅದೂ ಬೇಡ ಎಂದಳು. ಕಿಟಕಿಯ ಸರಳನ್ನು ಹಿಡಿದುಕೊಂಡಿದ್ದೆ. ಹೋಗುವವನಾಗಿ ನನಗೆ ಚೆನ್ನಾಗಿ ಅಭ್ಯಾಸವಿತ್ತು. ಕೆಳಗೆ ನಿಂತು ಕಳಿಸಿಕೊಡುವವರು ಕೈಯನ್ನು ಎಲ್ಲಿಟ್ಟುಕೊಳ್ಳಬೇಕು ಎಂದು ಗೊತ್ತಿರಲಿಲ್ಲ.

"ಬರ್ತೀನಪ್ಪ," ಎಂದಳು ಬಸ್ಸು ಕದಲಿದಾಗ. "ನೀನೂ ಬಾ ಒಂದಿನ."

"ಬತ್ತೀನಿ," ಎಂದೆ.

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಾನು ನಿಂತೇ ಇದ್ದೆ. ಹೆಂಡತಿ ನನ್ನನ್ನು ಕಾಯದೆ ಬೂಸಾ ಅಂಗಡಿಯ ಕಡೆ ಹೋಗಿದ್ದಳು. ಅವಳು ಚೌಕಾಸಿ ಮುಗಿಸಿ ಬಂದಾಗ ಅಂಗಡಿಯವನು ಮೂಟೆಯನ್ನು ತಂದು ನಮ್ಮ ಊರಿನ ಬಸ್ಸು ನಿಲ್ಲುವ ಕಡೆ ಇಳಿಸಿ ಹೋದ.

"ಕುತ್ಕೊಳಿ ಅದ್ರ್ ಮೇಲೆ," ಎಂದಳು. "ಬಸ್ಸು ಇನ್ನೂ ತಡ ಆಯ್ತದೆ."

ಕೂತೆ. ಅವಳೂ ಪಕ್ಕದಲ್ಲಿ ಅರ್ಧ ಜಾಗದಲ್ಲಿ ಕೂತಳು. ಇಬ್ಬರಿಗೂ ಸುಸ್ತಾಗಿತ್ತು.